ಅರವತ್ತು ದಾಟಿದವರ ಮಲ್ಟಿವಿಟಮಿನ್ ಮಾತ್ರೆ: ಕೆಲವು ವರ್ಷ ತಗೊಂಡ ಮೇಲಿನ ಅಭಿಪ್ರಾಯ

ನನಗೀಗ ಅರವತ್ತೆಂಟು. ಸೀನಿಯರ್‌ಗಳಿಗೆಂದೇ ಮಾಡಿದ ಮಲ್ಟಿವಿಟಮಿನ್ ಮಾತ್ರೆಯನ್ನು 2023ರಿಂದ ದಿನಕ್ಕೊಂದರಂತೆ ತಗೊಳ್ಳುತ್ತಿದ್ದೇನೆ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಗೊತ್ತಿರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಜ್ಞಾಪಕಶಕ್ತಿ ಜಾಸ್ತಿ ಆಯ್ತಾ?" ನನ್ನ ಅರಿವಿಗೆ ಬರುವಷ್ಟು ಏನೂ ಆಗಿಲ್ಲ. ಆದರೂ ನಿಲ್ಲಿಸಿಲ್ಲ, ನಿಲ್ಲಿಸುವ ಯೋಚನೆಯೂ ಇಲ್ಲ.

ನಾನು ಶುರು ಮಾಡಿದ್ದು ಅಮೆರಿಕದ ಒಂದು ಅಧ್ಯಯನದ ಸುದ್ದಿ ಓದಿ. ಹೆಸರು ಕಾಸ್ಮಾಸ್. ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆಯವರು ಮುಂದೆ ನಿಂತು ನಡೆಸಿದ್ದು. ಒಟ್ಟು 21 ಸಾವಿರಕ್ಕೂ ಹೆಚ್ಚು ಜನ, ಗಂಡಸರಿಗೆ 60 ದಾಟಿರಬೇಕು, ಹೆಂಗಸರಿಗೆ 65. ಕೆಲವರಿಗೆ ಸೆಂಟ್ರಮ್ ಸಿಲ್ವರ್ ಅನ್ನುವ ನಿಜವಾದ ಮಲ್ಟಿವಿಟಮಿನ್ ಮಾತ್ರೆ, ಕೆಲವರಿಗೆ ನೋಡಲು ಹಾಗೇ ಇರುವ ಸುಳ್ಳು ಮಾತ್ರೆ. ಯಾರಿಗೆ ಯಾವುದು ಅಂತ ತಗೊಳ್ಳುವವರಿಗೂ ಗೊತ್ತಿಲ್ಲ. ಅದರಲ್ಲಿ ಒಂದಷ್ಟು ಜನರ ನೆನಪು, ಯೋಚನಾಶಕ್ತಿಯನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಿದರು: ಫೋನಿನಲ್ಲಿ, ಇಂಟರ್ನೆಟ್ಟಿನಲ್ಲಿ, ಎದುರಿಗೆ ಕೂರಿಸಿಕೊಂಡು. ಫಲಿತಾಂಶ 2022, 2023 ಮತ್ತು 2024ರಲ್ಲಿ ಬಂತು. ಮೂರನ್ನೂ ಸೇರಿಸಿ ನೋಡಿದಾಗ ನಿಜವಾದ ಮಾತ್ರೆ ತಗೊಂಡವರಿಗೆ ಸ್ವಲ್ಪ ಅನುಕೂಲ ಕಂಡಿತು. ಮಿದುಳಿಗೆ ವಯಸ್ಸಾಗುವುದು ಎರಡು ವರ್ಷದಷ್ಟು ಹಿಂದೆ ಬಿದ್ದ ಹಾಗೆ ಅಂತ ಅವರ ಲೆಕ್ಕ.

ಈ "ಎರಡು ವರ್ಷ", ಇಂಟರ್ನೆಟ್ ಪರೀಕ್ಷೆಯೊಂದರ ಲೆಕ್ಕದಲ್ಲಿ "ಮೂರು ವರ್ಷ" ಅನ್ನುವ ಮಾತು ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ಅದರ ಒಳಗೆ ಏನಿದೆ ಅಂತ ನೋಡುವುದು ಮುಖ್ಯ. ಇಂಟರ್ನೆಟ್ ಪರೀಕ್ಷೆ ಹೀಗಿತ್ತು: ಪರದೆಯ ಮೇಲೆ 20 ಪದಗಳು ಒಂದೊಂದಾಗಿ ಬಂದು ಹೋಗುತ್ತವೆ. ಎಲ್ಲ ಮುಗಿದ ಕೂಡಲೇ ನೆನಪಿದ್ದಷ್ಟನ್ನು ಟೈಪ್ ಮಾಡಬೇಕು. ಜನ ಸರಾಸರಿ ಏಳು ಪದ ಬರೆದರು. ಒಂದು ವರ್ಷ ಆದಮೇಲೆ ಎರಡೂ ಗುಂಪಿನವರು ಸ್ವಲ್ಪ ಸುಧಾರಿಸಿದ್ದರು, ಅಭ್ಯಾಸವಾಗಿರುತ್ತದಲ್ಲ. ನಿಜವಾದ ಮಾತ್ರೆಯವರು ಒಂಚೂರು ಜಾಸ್ತಿ. ಆ ಜಾಸ್ತಿ ಎಷ್ಟು ಅಂದರೆ ಒಂದು ಪೂರ್ತಿ ಪದವೂ ಅಲ್ಲ, ಅರ್ಧ ಪದವೂ ಅಲ್ಲ. ಸಾವಿರಾರು ಜನರ ಲೆಕ್ಕ ಕೂಡಿಸಿದರೆ ಮಾತ್ರ ಕಾಣುವ ವ್ಯತ್ಯಾಸ ಅದು. ಇಷ್ಟು ಸಣ್ಣದು ಒಬ್ಬರ ಅನುಭವಕ್ಕೆ ಬರುವುದೇ ಇಲ್ಲ. ಹಾಗಾಗಿ "ಒಂದು ತಿಂಗಳಲ್ಲೇ ತಲೆ ಚುರುಕಾಯಿತು" ಅಂತ ಯಾರಾದರೂ ಬರೆದಿದ್ದರೆ ನಾನು ನಂಬುವುದಿಲ್ಲ.

ಇನ್ನೊಂದು ಕಡೆಯ ಸುದ್ದಿಯೂ ಹೇಳಬೇಕು. ಅದೇ ದೇಶದಲ್ಲಿ 65 ದಾಟಿದ ಸುಮಾರು 6 ಸಾವಿರ ಗಂಡಸು ಡಾಕ್ಟರುಗಳಲ್ಲಿ ಕೆಲವರಿಗೆ ಇದೇ ಥರದ ಮಾತ್ರೆ, ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟು 12 ವರ್ಷ ನೋಡಿದ್ದರು. 2013ರಲ್ಲಿ ಫಲಿತಾಂಶ ಬಂತು. ನೆನಪಿಗಾಗಲಿ ಯೋಚನಾಶಕ್ತಿಗಾಗಲಿ ಏನೂ ಲಾಭ ಕಾಣಲಿಲ್ಲ. ಡಾಕ್ಟರುಗಳು ಚೆನ್ನಾಗಿ ಉಣ್ಣುವ ಜನ, ಅವರಿಗೆ ಕೊರತೆಯೇ ಇರಲಿಲ್ಲವೇನೋ ಅಂತ ಸಂಶೋಧಕರೇ ಹೇಳಿದ್ದಾರೆ. ನನಗೆ ಈ ಮಾತು ಸರಿ ಅನ್ನಿಸುತ್ತದೆ. ಸಣ್ಣ ಕೊರತೆ ಇದ್ದವರಿಗೆ ತುಂಬುತ್ತದೆ, ಇಲ್ಲದವರಿಗೆ ಬಿ, ಸಿ ಥರದವು ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. (ಮೂತ್ರ ಎದ್ದು ಕಾಣುವ ಹಾಗೆ ಹಳದಿ ಆಗುವುದು ಬಿ2 ಇಂದ. ಮೊದಲ ವಾರ ಗಾಬರಿಯಾಗಬೇಡಿ.)

ಕೊರತೆಯ ಮಾತು ಬಂದರೆ ನಮ್ಮ ಮನೆಯ ಕಥೆಯೇ ಇದೆ. ನಮ್ಮ ಯಜಮಾನರಿಗೆ ಶುಗರ್, ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಜೊತೆಗೆ ಬೆಳಿಗ್ಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆ. ಇವೆರಡೂ ಬಿ12 ಮೈಗೆ ಹತ್ತದ ಹಾಗೆ ಮಾಡುತ್ತವೆ. ನಮ್ಮದು ಮೊಟ್ಟೆ ಕೂಡ ಇಲ್ಲದ ಊಟ, ಹಾಲು ಮೊಸರಿನಲ್ಲಿ ಬರುವಷ್ಟೇ ಬಿ12. ನನ್ನ ಜೊತೆ ಅವರೂ ಮಲ್ಟಿವಿಟಮಿನ್ ಶುರು ಮಾಡಿದ್ದರು. ಆದರೂ ಪಾದದಲ್ಲಿ ಜೋಮು ಹೋಗಲಿಲ್ಲ. ಚಪ್ಪಲಿ ಕಾಲಿನಿಂದ ಜಾರಿದ್ದೂ ಗೊತ್ತಾಗುತ್ತಿರಲಿಲ್ಲ. ಹೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು, ಸುಮ್ನೆ ರೇಗುತ್ತಿದ್ದರು. ರಕ್ತಪರೀಕ್ಷೆ ಮಾಡಿಸಿದಾಗ ಬಿ12 ತುಂಬಾ ಕಡಿಮೆ ಬಂತು. ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟರು, ಆಮೇಲೆ ಹೆಚ್ಚು ಪವರಿನ ಬಿ12 ಮಾತ್ರೆ. ನಿಧಾನವಾಗಿ ಜೋಮು ಕಡಿಮೆಯಾಯಿತು, ಮಾತಿನಲ್ಲೂ ಮೊದಲಿನ ಗೆಲುವು ಬಂತು. ನಮ್ಮ ಮನೆಯಲ್ಲಿ ಕಣ್ಣಿಗೆ ಕಂಡ ಬದಲಾವಣೆ ಅಂದರೆ ಅದೊಂದೇ, ಅದು ಆದದ್ದು ಮಲ್ಟಿವಿಟಮಿನ್‌ನಿಂದ ಅಲ್ಲ.

ಡಬ್ಬಿಯ ಹಿಂದೆ ಓದಿದರೆ ಕಾರಣ ಗೊತ್ತಾಗುತ್ತದೆ. ನಾನು ಭೂತಗನ್ನಡಿ ಹಿಡಿದು ಓದಿದೆ, ಅಕ್ಷರ ಅಷ್ಟು ಚಿಕ್ಕದು. ಇಪ್ಪತ್ತಕ್ಕೂ ಮೇಲ್ಪಟ್ಟು ಹೆಸರುಗಳು, ಪ್ರತಿಯೊಂದರ ಮುಂದೆ ದಿನದ ಅಗತ್ಯದ ಎಷ್ಟು ಪರ್ಸೆಂಟ್ ಅಂತ. ಇದು ದಿನದ ಖರ್ಚಿಗೆ ಸಾಕಾಗುವ ಅಳತೆ, ಹಳೇ ಸಾಲ ತೀರಿಸುವ ಅಳತೆ ಅಲ್ಲ. ಬಿ12 ನಿಜವಾಗಿ ಕುಸಿದಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಆದ್ದರಿಂದ ಸಸ್ಯಾಹಾರಿಗಳು, ಶುಗರ್ ಮಾತ್ರೆಯವರು, ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರು ಡಬ್ಬಿ ಕೊಳ್ಳುವ ಮೊದಲು ಬಿ12 ಪರೀಕ್ಷೆ ಮಾಡಿಸಿ. ದಯವಿಟ್ಟು ಮಾಡಿಸಿ. ಕಾಸ್ಮಾಸ್‌ನಲ್ಲಿ ಇದ್ದವರಲ್ಲಿ ಹೆಚ್ಚಿನವರು ಅಮೆರಿಕದ ಬಿಳಿಯರು, ಓದಿಕೊಂಡವರು. ಅವರ ತಟ್ಟೆ ಬೇರೆ, ನಮ್ಮ ತಟ್ಟೆ ಬೇರೆ. ಅವರ ಫಲಿತಾಂಶ ನಮಗೆ ಹಾಗೇ ಹೊಂದುತ್ತದೆ ಅಂತ ಹೇಳಲಾಗದು.

ಬಳಕೆಯ ವಿಷಯ. ಖಾಲಿ ಹೊಟ್ಟೆಗೆ ತಗೊಂಡರೆ ನನಗೆ ವಾಕರಿಕೆ ಬರುತ್ತದೆ, ಜಿಂಕ್ ಇರುವ ಮಾತ್ರೆಗಳಲ್ಲಿ ಇದು ಸಾಮಾನ್ಯ. ತಿಂಡಿ ತಿಂದ ಮೇಲೆ ತಗೊಂಡರೆ ಏನೂ ತೊಂದರೆಯಿಲ್ಲ. ಮಾತ್ರೆ ದಪ್ಪ, ನುಂಗಲು ಕಷ್ಟವಾಗುವವರಿಗೆ ಸ್ವಲ್ಪ ಹಿಂಸೆ. ನನ್ನ ತಂಗಿಗೆ ಥೈರಾಯ್ಡ್ ಇದೆ. ಅವಳು ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತಗೊಂಡು, ಮಲ್ಟಿವಿಟಮಿನ್ ಅನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಂಡಿದ್ದಾಳೆ. ಎರಡರ ನಡುವೆ ನಾಲ್ಕು ಗಂಟೆ ಬೇಕು, ಯಾಕಂದರೆ ಇದರಲ್ಲಿರುವ ಕ್ಯಾಲ್ಸಿಯಂ, ಕಬ್ಬಿಣ ಇದ್ದರೆ ಅದೂ, ಥೈರಾಯ್ಡ್ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ವಾರ್ಫರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಇದರಲ್ಲಿ ವಿಟಮಿನ್ ಕೆ ಇರುತ್ತದೆ. ಈಗಾಗಲೇ ಬೇರೆ ವಿಟಮಿನ್ ಮಾತ್ರೆ ನಡೆಯುತ್ತಿದ್ದರೆ ಎರಡರ ಲೇಬಲ್ಲನ್ನೂ ಕೂಡಿಸಿ ನೋಡಿ. ಎ ಮತ್ತು ಡಿ ಮೈಯಲ್ಲೇ ಉಳಿದು ಹೆಚ್ಚಾಗುತ್ತವೆ.

ಮೆಡಿಕಲ್ ಶಾಪಿನಲ್ಲಿ ಇದನ್ನು ಕೇಳಿದರೆ ಪಕ್ಕದಲ್ಲೇ "ಮೆಮೊರಿಗೆ" ಅಂತ ಇನ್ನೊಂದು ಕ್ಯಾಪ್ಸೂಲ್ ತೋರಿಸುತ್ತಾರೆ. ಬೆಲೆ ಹಲವು ಪಟ್ಟು ಜಾಸ್ತಿ. ನಾನು ಕೊಳ್ಳುವುದಿಲ್ಲ. ಸಾಧಾರಣ ಮಲ್ಟಿವಿಟಮಿನ್ ಮೇಲೆ ನಡೆದಷ್ಟು ದೊಡ್ಡ ಪರೀಕ್ಷೆ ಆ ಕ್ಯಾಪ್ಸೂಲಿನ ಮೇಲೆ ಆಗಿದೆಯಾ ಅಂತ ಕೇಳಿ, ಅಷ್ಟು ಸಾಕು.

ಮೂರೂವರೆ ಸ್ಟಾರ್ ಕೊಟ್ಟಿದ್ದಕ್ಕೆ ಕಾರಣ: ಖರ್ಚು ಕಡಿಮೆ, ನನ್ನ ವಯಸ್ಸಿನವರ ಮೇಲೇ ಪರೀಕ್ಷೆ ಆಗಿದೆ, ಅಡ್ಡ ಪರಿಣಾಮ ಹೆಚ್ಚಿಲ್ಲ. ಒಂದೂವರೆ ಕಳೆದದ್ದಕ್ಕೆ ಕಾರಣ ಜಾಹೀರಾತು. ಮಿದುಳಿಗೆ ಇದೊಂದೇ ಸಾಕು ಅನ್ನುವ ಹಾಗೆ ತೋರಿಸುತ್ತಾರೆ. ಬಿಪಿ, ಶುಗರ್, ಕಿವಿ ಕೇಳಿಸದಿರುವುದು, ಒಂಟಿತನ, ಕೂತಲ್ಲೇ ಕೂರುವುದು, ಇವೆಲ್ಲ ಮರೆವಿನ ಕಾಯಿಲೆಗೆ ದಾರಿ ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿಯಲ್ಲಿ ಪಟ್ಟಿಯೇ ಇದೆ. ಅದರಲ್ಲಿ ವಿಟಮಿನ್ ಕೊರತೆಯ ಹೆಸರಿಲ್ಲ. ಕಿವಿಯ ಮೆಷಿನ್ ಹಾಕಿಕೊಳ್ಳಲು ಸಂಕೋಚಪಟ್ಟು ಮಾತ್ರೆ ಮಾತ್ರ ತಪ್ಪದೆ ನುಂಗುವವರನ್ನು ನೋಡಿದಾಗ ಬೇಸರವಾಗುತ್ತದೆ.

ಮನೆಯಲ್ಲಿ ಯಾರಿಗಾದರೂ ಈಗಾಗಲೇ ಮರೆವು ಶುರುವಾಗಿದ್ದರೆ, ದಾರಿ ತಪ್ಪುವುದು, ದುಡ್ಡಿನ ಲೆಕ್ಕ ತಪ್ಪುವುದು ಕಂಡಿದ್ದರೆ, ಮಾತ್ರೆ ಕೊಟ್ಟು ಕಾಯಬೇಡಿ. ಬಿ12 ಮತ್ತು ಥೈರಾಯ್ಡ್ ರಿಪೋರ್ಟ್, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಹಿಡಿದುಕೊಂಡು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿಗೆ ಬರಲು ಆಗುವವರಿಗೆ ನಿಮ್ಹಾನ್ಸ್ ಇದೆ. ಜೊತೆಗೆ ಹೋಗುವವರು ದಿನವೂ ಅವರೊಟ್ಟಿಗೆ ಇರುವವರೇ ಆಗಿರಲಿ, ಯಾವಾಗಿನಿಂದ ಏನು ಬದಲಾಯಿತು ಅಂತ ಡಾಕ್ಟರು ಕೇಳುವುದು ಅವರನ್ನೇ.