ಈ-ಟೈಪ್ ಹತ್ತಲು ಯಾವುದು ಸರಿ: ಚಿಕ್ಕ ಸ್ಟೀರಿಂಗಾ, ಕಳಚುವ ಸ್ಟೀರಿಂಗಾ?

ಜಾಗ್ವಾರ್ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು ಈ-ಟೈಪ್ ಎತ್ತರ ಬರೀ 1.2 ಮೀಟರ್ ಆಸುಪಾಸು. ಬಾಗಿಲ ಕೆಳಗಿನ ಸಿಲ್ (ಹೊಸ್ತಿಲಿನಂಥ ಪಟ್ಟಿ) ಬೇರೆ ಅಗಲ. ಅದನ್ನು ದಾಟಿ ಕಾಲು ಒಳಗೆ ಎಳೆದುಕೊಳ್ಳುವಾಗ ಮೊಣಕಾಲು ಸ್ಟೀರಿಂಗ್‌ಗೆ ಬಡಿಯುತ್ತದಲ್ವಾ, ಅಲ್ಲೇ ಇರುವುದು ತೊಂದರೆ.

2 ಇಂಚು ಚಿಕ್ಕ ಸ್ಟೀರಿಂಗ್ ಹಾಕಿದರೆ ತೊಡೆಯ ಹತ್ತಿರ ಸಿಗುವುದು 1 ಇಂಚು ಮಾತ್ರ. ಸೀರೀಸ್ 1, ಅಂದರೆ ಈ-ಟೈಪ್‌ನ ಮೊದಲ ಆವೃತ್ತಿಯ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ, ಸ್ಟೀರಿಂಗ್ ಚಿಕ್ಕದಾದಷ್ಟೂ ತಿರುಗಿಸಲು ಬಲ ಜಾಸ್ತಿ ಬೇಕು, ಹಾಗಾಗಿ ಪಾರ್ಕಿಂಗ್ ಮಾಡುವಾಗ ತೋಳು ಸೋಲುತ್ತದೆ.

ಕಳಚುವ ಸ್ಟೀರಿಂಗ್‌ನಲ್ಲಿ ಅಡ್ಡ ಇರುವುದೇ ಹೋಗುತ್ತದೆ, ಆರಾಮಾಗಿ ಕೂತು ಮತ್ತೆ ಸಿಕ್ಕಿಸಬಹುದು. ಆದರೆ ಕಳಚಿ ಸಿಕ್ಕಿಸುವ ಜೋಡಣೆಯ ದಪ್ಪದಿಂದ ಸ್ಟೀರಿಂಗ್ ಎದೆಗೆ ಹತ್ತಿರ ಬರುತ್ತದೆ (ಈ-ಟೈಪ್‌ನಲ್ಲಿ ಕಾಲಂ, ಅಂದರೆ ಸ್ಟೀರಿಂಗ್ ಹೊತ್ತ ಕಂಬ, ಒಳಗೆ ತಳ್ಳಬಹುದು, ಸ್ವಲ್ಪ ಸರಿಹೋಗುತ್ತದೆ), ಹಾರನ್ ವೈರಿಗೂ ದಾರಿ ಹುಡುಕಬೇಕು. ಅಗ್ಗದ್ದು ತಗೊಳ್ಳಲೇಬೇಡಿ, ಅಲುಗಾಡುತ್ತದೆ. ಹೊರಡುವ ಮುಂಚೆ ಪ್ರತಿ ಸಲ ಜೋರಾಗಿ ಎಳೆದು ನೋಡಿ.

ಸೀಟಿನ ಫೋಮ್ ತೆಳು ಮಾಡಿಸುವುದೂ ಉಂಟು. ಕೂರುವುದು ಸುಲಭ, ಆದರೆ ಏಳುವುದು ಇನ್ನೂ ಕಷ್ಟ!

ಮೊಣಕಾಲು ನೋವಿದ್ದರೆ ಕಣ್ಣು ಮುಚ್ಚಿ ಕಳಚುವುದನ್ನೇ ಆರಿಸಿ. ಸುಮ್ನೆ ಭಾನುವಾರ ಒಂದು ಸುತ್ತು ಹೋಗುವವರಾದರೆ ಮೊದಲು ದುಡ್ಡಿಲ್ಲದ ಉಪಾಯ ನೋಡಿ: ಹಿಂಭಾಗ ಮೊದಲು ಸೀಟಿಗೆ, ಆಮೇಲೆ ಒಂದೊಂದೇ ಕಾಲು. ಹಳೆಯ ಸ್ಟೀರಿಂಗ್ ಮಾತ್ರ ಮಾರಬೇಡಿ.