ಕರೆಂಟ್ ಹೋದಾಗ ನಲ್ಲಿಯಿಂದ ಶಾಕ್: ಗೀಸರ್ ಹಾಕಿಸಿದವರು ಪ್ಲಗ್ ಒಳಗೆ ಒಮ್ಮೆ ನೋಡಿಸಿ

ಹಳೇ ಮನೆಯ ಬಚ್ಚಲಿಗೆ ಗೀಸರ್ ಹಾಕಿಸಿದವರು, ಹಾಕಿಸಬೇಕು ಅಂತ ಇರುವವರು ಇದನ್ನು ಓದಿ. ಕೊಡಗಿನ ಸೋಮವಾರಪೇಟೆ ಕಡೆ ಇರುವ ನಮ್ಮ ಅತ್ತೆ ಮನೆಯಲ್ಲಿ ಆದದ್ದು.

ಹಂಡೆ ಒಲೆ, ತೋಟದ ಸೌದೆ ಅಂತಲೇ ನಡೆದ ಮನೆ ಅದು. ಮಳೆಗಾಲದಲ್ಲಿ ಒದ್ದೆ ಸೌದೆ ಊದಿ ಊದಿ ಸಾಕಾಗಿ ಗೀಸರ್ ತರಿಸಿದರು. ಪೇಟೆಯಿಂದ ಬಂದ ವೈರಿಂಗ್‌ನವನು ಮಧ್ಯಾಹ್ನದೊಳಗೆ ಕೆಲಸ ಮುಗಿಸಿದ. ಅಷ್ಟು ಬೇಗ ಹೇಗೆ ಮುಗಿಯಿತು ಅಂದ್ರೆ, ಬಚ್ಚಲಿನ ಬಲ್ಬಿಗೆ ಹೋಗಿದ್ದ ವೈರಿನಿಂದಲೇ ಲೈನ್ ಎಳೆದು 16 ಆಂಪ್ ಪ್ಲಗ್ ಕೂರಿಸಿದ್ದ. ಮರದ ಪಟ್ಟಿ ಮೇಲಿನ ಹಳೇ ವೈರಿಂಗ್, ಇರುವುದೇ ಎರಡು ವೈರು, ಕರೆಂಟ್ ತರುವ ಫೇಸ್ ಮತ್ತು ಅದು ವಾಪಸ್ ಹೋಗುವ ನ್ಯೂಟ್ರಲ್. ಬಾಡಿಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ವೈರ್ ಇಲ್ಲವೇ ಇಲ್ಲ. ಅದಕ್ಕೆ ಪ್ಲಗ್ ಒಳಗೆ ಒಂದು ತುಂಡು ವೈರ್ ಹಾಕಿ ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿದ್ದ. ಟೆಸ್ಟ್ ಲ್ಯಾಂಪ್ ಅಂದರೆ ಎರಡು ವೈರಿನ ಬಲ್ಬನ್ನು ಫೇಸಿಗೂ ಅರ್ತ್ ತೂತಿಗೂ ಹಿಡಿದು ಉರಿಸಿ "ನೋಡಿ ಅಮ್ಮ, ಅರ್ತ್ ಚೆನ್ನಾಗಿ ಬರ್ತಾ ಇದೆ" ಅಂತ ತೋರಿಸಿ ಹೋದ. ನ್ಯೂಟ್ರಲ್ಲಿಗೇ ಕೊಟ್ಟ ಮೇಲೆ ಬಲ್ಬ್ ಉರಿಯದೇ ಇರುತ್ತದಾ!

ಬೇಸಿಗೆ ಪೂರ್ತಿ ಏನೂ ಆಗಲಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆಗೆ ಸಿಲ್ವರ್ ಓಕ್ ಕೊಂಬೆ ಮುರಿದು, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ಮೇಲೆ ಬಿತ್ತು. ತುಂಡಾದದ್ದು ನ್ಯೂಟ್ರಲ್ ಮಾತ್ರ, ಫೇಸ್ ಹಾಗೇ ಇತ್ತು. ಬಲ್ಬ್ ಇಲ್ಲ, ಫ್ಯಾನ್ ಇಲ್ಲ, ಫ್ರಿಜ್ ನಿಂತಿದೆ. ಕರೆಂಟ್ ಹೋಗಿದೆ ಅಂತಲೇ ಯಾರಾದರೂ ತಿಳಿಯುತ್ತಾರೆ, ಆ ತಿಂಗಳಲ್ಲಿ ಕೊಡಗಿನವರಿಗೆ ಅದೇನು ಹೊಸದಲ್ಲವಲ್ಲ. ಅತ್ತೆ ಟಾರ್ಚ್ ಹಿಡಿದು ಬಚ್ಚಲಿಗೆ ಹೋಗಿ ನಲ್ಲಿ ಮುಟ್ಟಿದರು. ಹಿಂದಕ್ಕೆ ಬಿದ್ದು ಮಣಿಕಟ್ಟು ಮುರಿಯಿತು. ಕೈ ನಲ್ಲಿಗೆ ಕಚ್ಚಿಕೊಳ್ಳದೇ ಬಿಟ್ಟಿದ್ದೇ ಪುಣ್ಯ.

ಕರೆಂಟೇ ಇಲ್ಲದ ಮನೆಯಲ್ಲಿ ಶಾಕ್ ಹೇಗೆ? ನ್ಯೂಟ್ರಲ್ ತುಂಡಾದರೆ ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲ. ಆನ್ ಇರುವ ಬಲ್ಬು, ಫ್ರಿಜ್, ಗೀಸರ್ ಕಾಯಿಲ್ ಯಾವುದರ ಮೂಲಕವಾದರೂ 230 ವೋಲ್ಟ್ ಬಂದು ಮನೆಯೊಳಗಿನ ನ್ಯೂಟ್ರಲ್ ವೈರಿನಲ್ಲೇ ಕೂರುತ್ತದೆ. ಆ ತುಂಡು ವೈರಿನಿಂದ ಗೀಸರ್ ಬಾಡಿಗೆ, ಅಲ್ಲಿಂದ ಕಬ್ಬಿಣದ ಪೈಪಿಗೆ, ನಲ್ಲಿಗೆ. ಗೀಸರ್ ಸ್ವಿಚ್ ಆಫ್ ಮಾಡಿದ್ದರೂ ಇದು ತಪ್ಪುತ್ತಿರಲಿಲ್ಲ, ಯಾಕಂದ್ರೆ ಮಾಮೂಲಿ ಸ್ವಿಚ್ ಕತ್ತರಿಸುವುದು ಫೇಸನ್ನು ಮಾತ್ರ. ಅರ್ತ್ ಇಲ್ಲದ ಪ್ಲಗ್ ಕೆಟ್ಟದ್ದೇ, ಆದರೆ ಈ ಸುಳ್ಳು ಅರ್ತ್ ಅದಕ್ಕಿಂತ ಕೆಟ್ಟದ್ದು.

ವೈರಿಂಗ್‌ನವನನ್ನು ಕೇಳಿದರೆ "ಹಳೇ ಮನೆಗಳಲ್ಲಿ ಎಲ್ಲಾ ಕಡೆ ಹೀಗೇ ಮಾಡೋದು" ಅಂದ. ಅವನು ಹೇಳಿದ್ದು ನಿಜ ಇರಬಹುದು ಅನ್ನೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಮೇಲೆ ಲೈಸೆನ್ಸ್ ಇರುವ ಬೇರೆಯವರನ್ನು ಕರೆಸಿದೆವು. ಬಿಚ್ಚಿ ನೋಡಿದರೆ ಬಲ್ಬಿನ ತೆಳು ವೈರಿನ ಪ್ಲಾಸ್ಟಿಕ್ ಕಾದು ಕಂದು ಬಣ್ಣಕ್ಕೆ ತಿರುಗಿತ್ತು. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಬಲ್ಬಿನ ವೈರ್ ಅದನ್ನು ತಡೆದುಕೊಳ್ಳುತ್ತದಾ? ಈಗ ಮೇನ್ ಬೋರ್ಡಿನಿಂದ ಗೀಸರಿಗೇ ಅಂತ ಬೇರೆ ಲೈನ್ ಬಂದಿದೆ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಜೊತೆಗೆ ಹಸಿರು ಅರ್ತ್ ವೈರ್, ಅದಕ್ಕೇ ಒಂದು ಎಂಸಿಬಿ, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್. ಎರಡೂ ವೈರ್ ಕತ್ತರಿಸುವ ಡಿಪಿ ಸ್ವಿಚ್ ಬಚ್ಚಲಿನ ಹೊರಗೆ. ಅಂಗಳದಲ್ಲಿ ಅರ್ತ್ ಗುಂಡಿ ತೋಡಿಸಿದೆವು, ಕರೆಂಟ್ ಸೋರಿದರೆ ತಕ್ಷಣ ಲೈನ್ ಕತ್ತರಿಸುವ 30 ಮಿಲಿಆಂಪ್ ಆರ್‌ಸಿಸಿಬಿಯೂ ಹಾಕಿಸಿದೆವು. ಖರ್ಚು ಗೀಸರ್ ಬೆಲೆಗಿಂತ ಜಾಸ್ತಿ ಬಂತು, ಮಾವ ಇನ್ನೂ ಗೊಣಗುತ್ತಾರೆ.

ನಿಮ್ಮ ಮನೆಯಲ್ಲಿ ಸುಳ್ಳು ಅರ್ತ್ ಇದೆಯಾ ಅಂತ ಟೆಸ್ಟ್ ಲ್ಯಾಂಪ್ ಹೇಳುವುದಿಲ್ಲ. ಮೇನ್ ಆಫ್ ಮಾಡಿಸಿ, ಗೊತ್ತಿರುವವರಿಂದ ಪ್ಲಗ್ ಬಿಚ್ಚಿಸಿ, ನಿಮ್ಮ ಕಣ್ಣೆದುರೇ. ಮೇಲಿನ ದೊಡ್ಡ ತೂತಿನ ಹಿಂದೆ ಗೋಡೆಯೊಳಗಿಂದ ಬಂದ ಹಸಿರು ವೈರ್ ಇರಬೇಕು, ಪಕ್ಕದ ಸ್ಕ್ರೂಗೆ ಹೋಗುವ ಗಿಡ್ಡ ತುಂಡು ಇರಬಾರದು. ಇನ್ನು ಮಳೆಗಾಲದಲ್ಲಿ ಪಕ್ಕದ ಮನೆಯಲ್ಲಿ ಲೈಟ್ ಇದ್ದು ನಿಮ್ಮಲ್ಲಿ ಮಾತ್ರ ಇಲ್ಲ ಅಂದ್ರೆ ಬಚ್ಚಲಿನ ಕಡೆ ಹೋಗಬೇಡಿ, ಮೊದಲು ಮೇನ್ ಆಫ್ ಮಾಡಿ, ಆಮೇಲೆ ಲೈನ್‌ಮ್ಯಾನ್‌ಗೆ ಫೋನ್ ಮಾಡಿ.