ಹನ್ನೊಂದು ವರ್ಷದ ಎನ್‌ವಿಡಿಎ ಬಳಕೆ: ಕಂಪ್ಯೂಟರ್ ನಿಧಾನವಾದಾಗ ತಪ್ಪು ಯಾರದು?

ನನಗೆ ಕಣ್ಣು ಕಾಣುವುದಿಲ್ಲ. 2014ರಲ್ಲಿ ಮನೆಗೆ ಡೆಸ್ಕ್‌ಟಾಪ್ ತಂದ ದಿನದಿಂದ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸುತ್ತಿದ್ದೇನೆ. ಬ್ಯಾಂಕಿನ ವ್ಯವಹಾರ, ದಿನಪತ್ರಿಕೆ, ಮೇಲ್, ಕರೆಂಟ್ ಬಿಲ್ಲು ಎಲ್ಲವೂ ಅದರ ಮೂಲಕವೇ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಬರೆಯಲು ಶುರು ಮಾಡಿದರು, ಅವರಿಗೂ ದೃಷ್ಟಿಯಿಲ್ಲ. ದುಡ್ಡು ಕೊಡಬೇಕಿಲ್ಲ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಇಂಥ ತಂತ್ರಾಂಶವನ್ನು ನಾನು ಎರಡು ವರ್ಷ ತಪ್ಪು ತಿಳಿದು ದೂರಿದ್ದೆ. ಅದಕ್ಕೇ ಈ ವಿಮರ್ಶೆ.

ಕಂಪ್ಯೂಟರ್ ತಡವರಿಸಿದರೆ ಕಣ್ಣಿರುವವರಿಗೆ ತಿರುಗುವ ಚಕ್ರವಾದರೂ ಕಾಣುತ್ತದೆ. ನಮಗೆ ಕೇಳಿಸುವುದು ಮೌನ ಮಾತ್ರ. ಒತ್ತಿದ ಕೀ ಮುಟ್ಟಿತೋ ಇಲ್ಲವೋ ತಿಳಿಯದೆ ಮತ್ತೆ ಒತ್ತುತ್ತೇವೆ. ಆಮೇಲೆ ಒತ್ತಿದ್ದೆಲ್ಲ ಒಂದರ ಹಿಂದೊಂದು ನುಗ್ಗುತ್ತದೆ. ಹೀಗೆ ಒಂದು ಸಲ ಡಿಲೀಟ್ ಕೀ ನಾಲ್ಕು ಬಾರಿ ಬಿದ್ದು, ಓದದೇ ಇದ್ದ ಮೇಲ್‌ಗಳೂ ಹೋದವು. ಆ ಮೌನದಲ್ಲಿ ಕೂತಾಗ ಆಗುವ ದಿಗಿಲು ಅನುಭವಿಸಿದವರಿಗೇ ಗೊತ್ತು.

ರಿಪೇರಿ ಅಂಗಡಿಯವರು, "ಈ ಮಾತಾಡೋ ಸಾಫ್ಟ್‌ವೇರೇ ಭಾರ ಸಾರ್, ತೆಗೆದುಬಿಡಿ" ಅಂದರು. ಅದನ್ನು ತೆಗೆದರೆ ನನಗೆ ಕಂಪ್ಯೂಟರೇ ಇಲ್ಲ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ. ವಾರ ಚೆನ್ನಾಗಿರುತ್ತಿತ್ತು, ಮತ್ತೆ ಅದೇ ಕಥೆ.

ಕೊನೆಗೆ ನಾನೇ ಹುಡುಕಲು ಕೂತೆ. ಮೊದಲು ಇನ್ಸರ್ಟ್ ಜೊತೆ ಕ್ಯೂ ಒತ್ತಿ ಎನ್‌ವಿಡಿಎ ಮುಚ್ಚಿದೆ. ವಿಂಡೋಸ್, ಕಂಟ್ರೋಲ್, ಎಂಟರ್ ಮೂರೂ ಒಟ್ಟಿಗೆ ಒತ್ತಿ ವಿಂಡೋಸ್‌ನದೇ ಆದ ಸ್ಕ್ರೀನ್ ರೀಡರ್ ನರೇಟರ್ ತೆರೆದೆ. ಅದೂ ಅಷ್ಟೇ ತಡವರಿಸಿತು. ಎರಡು ಬೇರೆ ಬೇರೆ ದನಿಗಳು ಒಂದೇ ಕಡೆ ತೊದಲಿದರೆ ದೋಷ ಯಂತ್ರದಲ್ಲಿದೆ ಎಂದು ಊಹಿಸಬಹುದು. ಆದರೂ ಖಾತ್ರಿಗೆ ಎನ್‌ವಿಡಿಎ ಮುಚ್ಚುವ ಡೈಲಾಗ್‌ನಲ್ಲೇ ಇರುವ, ಆಡ್-ಆನ್‌ಗಳಿಲ್ಲದೆ, ಅಂದರೆ ನಾವು ಸೇರಿಸಿಕೊಂಡ ಹೆಚ್ಚುವರಿ ತುಣುಕುಗಳಿಲ್ಲದೆ, ಮರುಚಾಲನೆ ಮಾಡುವ ಆಯ್ಕೆ ಬಳಸಿದೆ. ಬ್ರೌಸರ್‌ನಲ್ಲಿ ತುಸು ಹಗುರವಾಯಿತು. ಹಳೆಯ ಆಡ್-ಆನ್ ಒಂದನ್ನು ತೆಗೆದುಹಾಕಿದೆ. ಆದರೆ ಮೂಲ ರೋಗ ಹಾಗೇ ಇತ್ತು.

ಅದು ಸಿಕ್ಕಿದ್ದು, ಯಂತ್ರದ ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ತೆರೆಯುತ್ತದೆ. ಪಟ್ಟಿ ಕ್ಷಣಕ್ಷಣಕ್ಕೂ ಜಾಗ ಬದಲಿಸುವುದರಿಂದ ಓದುವುದು ಕಷ್ಟ. ವ್ಯೂ ಮೆನುವಿನಲ್ಲಿ ಅಪ್‌ಡೇಟ್ ವೇಗವನ್ನು ನಿಲ್ಲಿಸಿಕೊಂಡರೆ ಸಾವಧಾನವಾಗಿ ಕೇಳಬಹುದು. ಪ್ರೊಸೆಸರ್ ಹದಿನೈದು ಪರ್ಸೆಂಟ್, ಡಿಸ್ಕ್ ನೂರು ಪರ್ಸೆಂಟ್! ಹತ್ತು ನಿಮಿಷ ಬಿಟ್ಟು ನೋಡಿದರೂ ನೂರು. ಒಳಗಿದ್ದದ್ದು ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್. ಆಂಟಿವೈರಸ್ ತಪಾಸಣೆ, ವಿಂಡೋಸ್ ಅಪ್‌ಡೇಟ್, ಫೈಲ್ ಹುಡುಕಾಟದ ಇಂಡೆಕ್ಸ್ ಮೂರೂ ಒಟ್ಟಿಗೆ ಕೇಳಿದಾಗ ಅದರ ಸೂಜಿ ಅಲ್ಲಿಂದಿಲ್ಲಿಗೆ ಓಡಾಡಿ ಸುಸ್ತಾಗುತ್ತಿತ್ತು. ಮಾತಾಡಬೇಕಾದವನು ಸರದಿಯಲ್ಲಿ ನಿಂತಿದ್ದ, ಬೈಗುಳ ಅವನಿಗೆ ಬೀಳುತ್ತಿತ್ತು.

240 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್), ಜೊತೆಗೆ 4 ಜಿಬಿ ಇದ್ದ ರ‍್ಯಾಮ್‌ಗೆ ಇನ್ನೊಂದು 4 ಜಿಬಿ ತರಿಸಿದೆ. ಅಕ್ಕನ ಮಗ ಕೇಬಲ್ ಹಾಕಿಕೊಟ್ಟ. ಹಳೆಯ ಡಿಸ್ಕಿನ ನಕಲು ತೆಗೆಯುವ ತಂತ್ರಾಂಶದಲ್ಲಿ ಗುಂಡಿಗಳಿಗೆ ಹೆಸರೇ ಇರಲಿಲ್ಲ, ಬರೀ "ಬಟನ್, ಬಟನ್" ಅನ್ನುತ್ತಿತ್ತು. ಅಷ್ಟು ಮಾತ್ರ ಅವನು ಓದಿ ಹೇಳಿದ. ಆಮೇಲೆ ಎನ್‌ವಿಡಿಎಯ ಪ್ರೋಗ್ರೆಸ್ ಬಾರ್ ದನಿ ಇತ್ತಲ್ಲ! ಕೆಲಸ ಮುಂದೆ ಸಾಗಿದಂತೆ ಬೀಪ್‌ನ ಶ್ರುತಿ ಏರುತ್ತಾ ಹೋಗುತ್ತದೆ. ಅಡುಗೆಮನೆಯಲ್ಲಿ ಕಾಫಿ ಮಾಡುತ್ತಲೇ ಎಷ್ಟು ಮುಗಿಯಿತೆಂದು ತಿಳಿಯುತ್ತಿತ್ತು. "ಮಾಮ, ನಾನು ನೋಡಿ ಹೇಳೋದಕ್ಕಿಂತ ಮುಂಚೆ ನಿಮಗೇ ಗೊತ್ತಾಗ್ತಿದೆ" ಎಂದ ಹುಡುಗ. ಹಳೆಯ ಡಿಸ್ಕಿನ ಕೇಬಲನ್ನೇ ಹೊಸದಕ್ಕೆ ಚುಚ್ಚಿದೆವು. ಹಾಗಾಗಿ ನನ್ನ ಯಂತ್ರದ ಮಾತಾಡದ ಬಯಾಸ್ ಪರದೆಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಹೋಗುವ ಗೋಳು ತಪ್ಪಿತು.

ಮೊದಲು ಗುಂಡಿ ಒತ್ತಿ ಎನ್‌ವಿಡಿಎ ಬಾಯಿ ಬಿಡುವವರೆಗೆ ನಾಲ್ಕು ನಿಮಿಷ ಕಾಯುತ್ತಿದ್ದೆ. ಈಗ ಅರ್ಧ ನಿಮಿಷ ಸಾಕು.

ಸಣ್ಣ ತೊಂದರೆಗಳು ಉಳಿದಿವೆ. ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ದನಿ ತಡವಾಗಿ ಬರುತ್ತದೆ, ಪದದ ಮೊದಲ ಅಕ್ಷರ ನುಂಗಿಹೋಗುತ್ತದೆ. ವಯರ್ ಇರುವುದೇ ಲೇಸು. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್‌ನ ಕನ್ನಡ ದನಿ ಯಾಂತ್ರಿಕ, ಹೊಸಬರಿಗೆ ಒರಟು ಅನಿಸಬಹುದು. ಆದರೆ ಹಳೆಯ ಯಂತ್ರದಲ್ಲೂ ಕೀ ಒತ್ತಿದ ಕೂಡಲೇ ಉತ್ತರ ಕೊಡುವುದರಿಂದ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಯುನಿಕೋಡ್ (ಎಲ್ಲ ಯಂತ್ರಗಳೂ ಅರಿಯುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಸುತ್ತೋಲೆಗಳನ್ನು ಮಾತ್ರ ಯಾವ ದನಿಯೂ ಓದಲಾರದು, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕೇಳಿಸುತ್ತದೆ. ದಯವಿಟ್ಟು ಯುನಿಕೋಡ್‌ನಲ್ಲೇ ಬರೆಯಿರಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನನ್ನ ಹಳೆಯ ಪ್ರೊಸೆಸರನ್ನು ವಿಂಡೋಸ್ 11 ಒಪ್ಪುವುದಿಲ್ಲ, ಹೊಸದು ಕೊಳ್ಳಲೇಬೇಕು. ಅದಕ್ಕಾಗಿ ಎನ್‌ವಿಡಿಎಯ ಪೋರ್ಟಬಲ್ ಪ್ರತಿಯನ್ನು (ಇನ್‌ಸ್ಟಾಲ್ ಮಾಡದೆಯೇ ಓಡುವಂಥದ್ದು) ನನ್ನ ಸೆಟ್ಟಿಂಗ್ ಸಮೇತ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೇನೆ. ಈ ಸಲ ಅಂಗಡಿಯಲ್ಲೇ ಅದನ್ನು ಚುಚ್ಚಿ, ಯಂತ್ರ ಹೇಗೆ ಮಾತಾಡುತ್ತದೆಂದು ಕೇಳಿಯೇ ದುಡ್ಡು ಕೊಡುತ್ತೇನೆ.